ಅವಸರವಿಲ್ಲ ಎಂದು ಬರೆದ ನಡಾವಳಿ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದುದು ಇಷ್ಟೇ: ಇಪ್ಪತ್ತು ವರ್ಷದವರು ಹೇಳಿದ್ದನ್ನು ಐವತ್ತು ವರ್ಷದವರು ಓದುವ ಹಾಗೆ ಬರೆಯುವುದು. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕ ಮುಗಿಯುವವರೆಗೆ ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಕೂತು, ಅದಕ್ಕಿಂತ ಹೆಚ್ಚಾಗಿ ಅದರ ಜೀಪಿನಲ್ಲಿ ಕೂತು, ಈ ಕೆಲಸ ಮಾಡಿದೆ. ಹುದ್ದೆಯ ಹೆಸರು ಮೂರು ಸಲ ಬದಲಾಯಿತು. ಕೆಲಸ ಅದೇ ಇತ್ತು.

ಈಚೆಗೆ ಇಂಥದೇ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. "ಆಗೆಲ್ಲ ಯುವಕರ ಸಲಹೆ ತಗೊಳ್ಳೋದು ಅಂದ್ರೆ ಹೇಗಿತ್ತು ಸರ್?" ಎಂದು ಕೇಳಿದಳು. ನಾಲ್ಕು ಪ್ರಸಂಗ ಹೇಳಿದೆ. ಚೆನ್ನಾಗಿ ನಕ್ಕಳು, ಹೋದಳು. ಅವಳು ಗೇಟು ಹಾಕಿಕೊಂಡು ಹೋದ ಮೇಲೆ ನನಗೆ ಕಸಿವಿಸಿ ಶುರುವಾಯಿತು. ಆ ನಾಲ್ಕರಲ್ಲಿ ಎರಡನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಆಗ ನಾವು ಸ್ಟೆನ್ಸಿಲ್ ಕೊರೆದು ಪ್ರತಿ ತೆಗೆಯುತ್ತಿದ್ದೆವು. ಐವತ್ತನೆಯ ಪ್ರತಿಯ ಹೊತ್ತಿಗೆ ಅಕ್ಷರ ಮಸುಕಾಗುತ್ತಿತ್ತು. ನೆನಪಿನದು ಅದಕ್ಕೆ ತದ್ವಿರುದ್ಧ. ಹೇಳಿದಷ್ಟೂ ಅಕ್ಷರ ಸ್ಪಷ್ಟವಾಗುತ್ತ ಹೋಗುತ್ತದೆ. ಅದೇ ನನ್ನ ಅನುಮಾನ. ಹಾಗಾಗಿ ಬಡ್ತಿ, ವರ್ಗಾವಣೆಗಳನ್ನು ಬಿಟ್ಟು, ಆ ಹುಡುಗಿಗೂ ಅವಳಂಥವರಿಗೂ ಉಪಯೋಗಕ್ಕೆ ಬರಬಹುದಾದದ್ದನ್ನು ಬರೆಯುತ್ತಿದ್ದೇನೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ತಾಲ್ಲೂಕಿಗೊಂದು ಯುವ ಸಲಹಾ ಸಮಿತಿ ಮಾಡಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಹದಿನೆಂಟರಿಂದ ಮೂವತ್ತರ ಒಳಗಿನ ಹನ್ನೆರಡು ಜನ. ಮೂರು ತಿಂಗಳಿಗೊಮ್ಮೆ ಸೇರಿ, ತಮ್ಮ ವಯಸ್ಸಿನವರಿಗೆ ಸರ್ಕಾರ ಏನು ಮಾಡಬೇಕು, ಏನು ಮಾಡಬಾರದು ಎಂದು ಅವರು ಹೇಳಬೇಕು. ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ನಾನು ನಡಾವಳಿ ಬರೆಯಬೇಕು. ನನ್ನ ಮೇಲಧಿಕಾರಿ ಅದರ ಅಂಚಿನಲ್ಲಿ ಷರಾ ಹಾಕಬೇಕು. ಷರಾ ಬಿದ್ದರೆ ಅದು ಸರ್ಕಾರದ ಮಾತು. ಬೀಳದಿದ್ದರೆ ಹುಡುಗರ ಮಾತು.

ನಾನು ಇದನ್ನು ನಂಬಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮೈಸೂರು ಕಡೆಯವನು, ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿ ಬಂದಿದ್ದೆ. ಗಲಾಟೆ ಮಾಡುವ ವಯಸ್ಸಿನವರನ್ನು ಕುರ್ಚಿಯ ಮೇಲೆ ಕೂರಿಸಿ ಟೀ ಕೊಟ್ಟರೆ ಗಲಾಟೆ ಕಡಿಮೆಯಾಗುತ್ತದೆ, ಸಮಿತಿಯ ಉದ್ದೇಶ ಅಷ್ಟೇ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಬುದ್ಧಿವಂತಿಕೆ ಎಂದೂ ಭಾವಿಸಿದ್ದೆ. ಕಚೇರಿಯಲ್ಲಿ ನನ್ನನ್ನು "ಎಂ.ಎ. ಸಾರ್" ಎನ್ನುತ್ತಿದ್ದರು. ಅದು ಗೌರವವೋ ಗೇಲಿಯೋ ನನಗೆ ಕೊನೆತನಕ ತಿಳಿಯಲಿಲ್ಲ.

ಮುಳಬಾಗಿಲಿನ ಮೊದಲ ಸಭೆ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಊರಿನ ಪ್ರಮುಖರು ಹೆಸರು ಕೊಟ್ಟಿದ್ದ ಹನ್ನೆರಡು ಯುವಕರಲ್ಲಿ ಒಬ್ಬರ ಮೀಸೆ ಪೂರ್ತಿ ನರೆತಿತ್ತು. ಹಾಜರಿ ಪುಸ್ತಕದಲ್ಲಿ ವಯಸ್ಸಿನ ಕಾಲಂ ತುಂಬಬೇಕಾಗಿತ್ತು, ಕೇಳಿದೆ.

"ಸರ್ಟಿಫಿಕೇಟ್ ಪ್ರಕಾರ ಹೇಳ್ಬೇಕಾ ಸಾರ್, ನಿಜವಾಗ್ಲೂ ಹೇಳ್ಬೇಕಾ?"

"ನಿಜವಾಗಿ ಹೇಳಿ."

"ನಿಜವಾಗಿ ಅಂದ್ರೆ ನನ್ನ ಮಗನಿಗೆ ಹದಿನೆಂಟು ತುಂಬಿಲ್ಲ ಸಾರ್. ತುಂಬೋವರೆಗೆ ನಾನು ಕೂತಿರ್ತೀನಿ."

ಬಸ್ಸಿನಲ್ಲಿ ಮಗನಿಗೆ ಟವಲ್ ಹಾಕಿ ಸೀಟು ಹಿಡಿದ ಹಾಗೆ. ಈ ಮಾತನ್ನು ನಾನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಆದರೆ ಅವರು ಇಷ್ಟು ಚೊಕ್ಕವಾಗಿ ಹೇಳಿದ್ದರೇ, ಇಲ್ಲ ನಾನು ಚೊಕ್ಕ ಮಾಡಿದೆನೇ, ಗೊತ್ತಿಲ್ಲ.

ಮಾಲೂರಿನದು ನನ್ನದೇ ತಪ್ಪು. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಕರೆದೆ. ಇಬ್ಬರು ಬಂದರು. ಎರಡನೆಯ ಸಲವೂ ಇಬ್ಬರೇ. "ಯುವಕರಲ್ಲಿ ಆಸಕ್ತಿಯ ಕೊರತೆ ಕಂಡುಬರುತ್ತದೆ" ಎಂದು ನಡಾವಳಿಯಲ್ಲಿ ಬರೆದು, ಸಹಿ ಮಾಡಿ, ಸ್ಟೇಷನ್ನಿಗೆ ಬಂದು ಕೂತೆ. ಸಂಜೆ ಬೆಂಗಳೂರಿನ ಗಾಡಿ ನಿಂತಾಗ ಇಳಿದವರನ್ನು ನೋಡಿದೆ. ನನ್ನ ಪಟ್ಟಿಯ ವಯಸ್ಸಿನವರೆಲ್ಲ ಟಿಫನ್ ಡಬ್ಬಿ ಹಿಡಿದು ಗುಂಪು ಗುಂಪಾಗಿ ಇಳಿಯುತ್ತಿದ್ದರು. ಅವರಲ್ಲಿ ಒಬ್ಬ ನನ್ನ ಸಮಿತಿಯ ಸದಸ್ಯ. ನನ್ನನ್ನು ಗುರುತು ಹಿಡಿದು ಹತ್ತಿರ ಬಂದ.

"ಏನ್ ಸಾರ್, ಮೀಟಿಂಗ್ ಚೆನ್ನಾಗಿ ಆಯ್ತಾ?"

"ನೀನೇ ಬರಲಿಲ್ಲವಲ್ಲಪ್ಪ."

"ಹನ್ನೊಂದು ಗಂಟೆಗೆ ಮಾಲೂರಲ್ಲಿ ಇರೋರು ಯಾರು ಸಾರ್, ರಿಟೈರ್ ಆದೋರು, ಇಟ್ಟಿಗೆ ಗೂಡಿನೋರು. ಗೂಡಿನೋರನ್ನ ನೀವು ಕರೆಯಲ್ಲ. ನಮ್ಮನ್ನ ಕೇಳ್ಬೇಕು ಅಂದ್ರೆ ಈ ಗಾಡಿಗೆ ಬನ್ನಿ."

ಮುಂದಿನ ಸಭೆಯನ್ನು ಪ್ಲಾಟ್‌ಫಾರ್ಮಿನ ಬೆಂಚುಗಳ ಮೇಲೆಯೇ ಮಾಡಿದೆ. ಹನ್ನೊಂದು ಜನ ಇದ್ದರು. ಗೂಡಿನಿಂದ ಮೂವರು ಹುಡುಗರನ್ನು ಅವರೇ ಕರೆತಂದಿದ್ದರು. ಈ ಪ್ರಸಂಗದಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ನನ್ನ ಮೇಲಧಿಕಾರಿ ನಂಜುಂಡಯ್ಯನವರು ಕೇಳಿದ ಪ್ರಶ್ನೆ ಕಿವಿಯಲ್ಲಿದೆ.

"ಸಭೆ ನಡೆದ ಸ್ಥಳ ಅಂತ ಏನು ಬರೀತೀಯಯ್ಯಾ? ಎರಡನೇ ಪ್ಲಾಟ್‌ಫಾರ್ಮ್ ಅಂತಲಾ?"

"ಹೌದು ಸಾರ್."

"ಗಾಡಿ ಬಂದಿದ್ರೆ ಸಭೆ ಮುಂದೂಡಲಾಯಿತು ಅಂತ ಬರೀತಿದ್ದೆಯಾ?" ಎಂದು ಕೇಳಿ, ನಗದೆ, ಷರಾ ಹಾಕಿದರು.

ನಂಜುಂಡಯ್ಯನವರ ಬಗ್ಗೆ ಹೇಳಬೇಕು. ಕೆಟ್ಟವರಲ್ಲ. ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದು ಪಳಗಿದ ಕೈ. ಕನ್ನಡದಲ್ಲೇ ವ್ಯವಹರಿಸಬೇಕೆಂದು ಆದೇಶ ಬಂದ ಮೇಲೆ ಅವರು ಅರ್ಧ ಕುರುಡರಾದಂತಾಗಿದ್ದರು. ನಾನು ಬರೆದ ಕನ್ನಡವನ್ನು ಬೆರಳಿಟ್ಟು ಓದುತ್ತಿದ್ದರು, ಪ್ರತಿ ಪದಕ್ಕೂ "ಇದರರ್ಥ ಇದೇ ತಾನೇ?" ಎನ್ನುತ್ತಿದ್ದರು. ಅಂದರೆ ಕೆಲವು ವರ್ಷ ಆ ಕಚೇರಿಯ ಕನ್ನಡ ನನ್ನ ಕೈಯಲ್ಲಿತ್ತು. ಅದು ಎಂಥ ಅಧಿಕಾರ ಎಂದು ನನಗೆ ಆಗ ತಿಳಿದಿರಲಿಲ್ಲ. ಅಥವಾ ತಿಳಿದಿತ್ತು. ಮುಂದೆ ಬರೆಯುವುದು ಅದರ ಬಗ್ಗೆಯೇ.

ಶ್ರೀನಿವಾಸಪುರದಲ್ಲಿ ತಾಲ್ಲೂಕು ಬೋರ್ಡಿನ ಹಿಂದೆ ನಾಲ್ಕು ಕೋಣೆಯ ಒಂದು ಕಟ್ಟಡ ಖಾಲಿ ಬಿದ್ದಿತ್ತು. ಅದನ್ನು ಯುವಜನರ ಉಪಯೋಗಕ್ಕೆ ಕೊಡಬಹುದೆಂದು, ಯಾವ ಉಪಯೋಗಕ್ಕೆಂದು ಸಮಿತಿಯನ್ನೇ ಕೇಳಬೇಕೆಂದು ಮೇಲಿನಿಂದ ಬರೆದು ಬಂತು. ಅಷ್ಟರಲ್ಲಿ ನಮ್ಮ ಉಗ್ರಾಣಕ್ಕೆ ಹೊಲಿಗೆ ಯಂತ್ರಗಳು ಬಂದಿಳಿದಿದ್ದವು. ಅವನ್ನು ಎಲ್ಲಾದರೂ ಇಳಿಸಲೇಬೇಕಾಗಿತ್ತು. ಹೊರಡುವ ದಿನ ನಂಜುಂಡಯ್ಯನವರು ಜೀಪಿನವರೆಗೆ ಬಂದರು.

"ಹೊಲಿಗೆ ಕೇಂದ್ರ ಅಂತ ಅವರ ಬಾಯಲ್ಲೇ ಬರಲಿ ಕಣಯ್ಯಾ. ನಾವು ಹೇಳಿದ ಹಾಗೆ ಇರಬಾರದು."

"ಬರದಿದ್ರೆ ಸಾರ್?"

"ಬೇಡ ಅಂತ ಯಾರಂತಾರೆ? ಮಿಷಿನ್ನು ಬೇಡ ಅನ್ನೋ ಊರು ನಾನು ನೋಡಿಲ್ಲ."

ಜೀಪು ಓಡಿಸುತ್ತಿದ್ದವನು ಚೌಡಪ್ಪ, ಶ್ರೀನಿವಾಸಪುರದ ಕಡೆಯವನೇ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಜೀಪು ಕೆಟ್ಟಾಗ ಉರ್ದು. ಅದು ಬೇಸಿಗೆ, ಏಪ್ರಿಲ್ ಇರಬೇಕು. ಮಂಡಿಗಳಲ್ಲಿ ಮಾವಿನಕಾಯಿಗೆ ಹುಲ್ಲು ಹಾಸುತ್ತಿದ್ದರು.

ಸಭೆಯಲ್ಲಿ ಹನ್ನೆರಡು ಜನರಲ್ಲಿ ಹುಡುಗಿ ಒಬ್ಬಳೇ, ವೆಂಕಟಲಕ್ಷ್ಮಿ. ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದಳು. ಶ್ರೀನಿವಾಸಪುರದಲ್ಲಿ ಜೂನಿಯರ್ ಕಾಲೇಜಿತ್ತು, ಆದರೆ ಅವಳ ಊರಿನಿಂದ ಮೂರು ಮೈಲಿ ನಡೆದು ಬಸ್ಸು ಹಿಡಿಯಬೇಕು, ವಾಪಸ್ಸು ಬರುವ ಬಸ್ಸು ಕತ್ತಲಾದ ಮೇಲೆ. ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, ಆ ಕಟ್ಟಡವನ್ನು ಹೆಣ್ಣುಮಕ್ಕಳ ಹಾಸ್ಟೆಲ್ ಮಾಡಬೇಕು ಎಂದಳು. ತನ್ನ ಕಡೆಯ ನಾಲ್ಕು ಹಳ್ಳಿಗಳಿಂದ ಆರು ಹುಡುಗಿಯರು ಕಾಲೇಜಿಗೆ ಬರಲು ಕಾಯುತ್ತಿದ್ದಾರೆ, ತಾನೂ ಒಬ್ಬಳು.

"ನಮ್ಮಪ್ಪ ಜೂನ್ ತನಕ ನೋಡ್ತೀನಿ ಅಂದಿದಾರೆ ಸಾರ್. ಜೂನ್ ಒಳಗೆ ಹಾಸ್ಟೆಲ್ ಆದ್ರೆ ಕಾಲೇಜು. ಇಲ್ಲಾಂದ್ರೆ ಮದುವೆ."

ಮುಂದಿನ ಸಾಲಿನಲ್ಲಿದ್ದ ಮಂಡಿ ಮಾಲೀಕರ ಮಗನೊಬ್ಬ ಹಿಂದಕ್ಕೆ ತಿರುಗಿದ. "ಹೊಲಿಗೆ ಕಲಿತ್ರೆ ಮನೇಲೇ ಇದ್ಕೊಂಡು ಮಾಡ್ಬಹುದಲ್ಲಮ್ಮ."

"ಮನೇಲಿ ಇರೋದಕ್ಕೂ ಟ್ರೈನಿಂಗ್ ಬೇಕಾ ಅಣ್ಣಾ? ಎರಡು ವರ್ಷದಿಂದ ಟ್ರೈನಿಂಗ್ ಇಲ್ದೇನೇ ಇದೀನಿ."

ಎಲ್ಲರೂ ನಕ್ಕರು. ಅವನೂ ನಕ್ಕ. ನಗು ನಿಂತ ಮೇಲೆ ನಾನು ಹೊಲಿಗೆ ಕೇಂದ್ರದ ಮಾತು ಎತ್ತಿದೆ. ಆಗ ಅವಳು ಹೇಳಿದ ಮಾತನ್ನು ನಾನು ಮುಂದಿನ ಮೂವತ್ತು ವರ್ಷ ಹೀಗೆ ಹೇಳುತ್ತ ಬಂದಿದ್ದೇನೆ: "ಮಿಷಿನ್ ಅವಸರ ಇಲ್ಲ ಸಾರ್. ಹಾಸ್ಟೆಲ್ ಅವಸರ."

ಕೋಲಾರಕ್ಕೆ ಬಂದು ನಡಾವಳಿ ಬರೆದೆ. "ಹೊಲಿಗೆ ಕೇಂದ್ರಕ್ಕೆ ಅವಸರವಿಲ್ಲವೆಂದೂ ವಸತಿ ನಿಲಯದ ವಿಷಯದಲ್ಲಿ ಅವಸರವಿದೆಯೆಂದೂ ಸದಸ್ಯರು ಅಭಿಪ್ರಾಯಪಟ್ಟರು." ನಂಜುಂಡಯ್ಯನವರು ಬೆರಳಿಟ್ಟು ಓದಿದರು. ಬೆರಳು "ಅವಸರವಿಲ್ಲ" ಎಂಬಲ್ಲಿ ನಿಂತಿತು.

"ಬೇಡ ಅಂದಿಲ್ಲವಲ್ಲ?"

"ಇಲ್ಲ ಸಾರ್. ಅವಸರವಿಲ್ಲ ಅಂದಿದಾರೆ."

"ಸರಿ, ಹಾಗಾದ್ರೆ ಅದನ್ನ ಸಾವಕಾಶವಾಗಿ ಮಾಡೋಣ. ಇನ್ನೊಂದಕ್ಕೆ ಅವಸರ ಅಂತೆ. ಸರ್ಕಾರದಲ್ಲಿ ಅವಸರ ಎಲ್ಲಿಂದ ಬರತ್ತೆ?" ಎಂದರು. ಅಂಚಿನಲ್ಲಿ ಎರಡು ಷರಾ ಬಿದ್ದವು. ಹೊಲಿಗೆ ಕೇಂದ್ರಕ್ಕೆ "ಒಪ್ಪಿದೆ". ಹಾಸ್ಟೆಲಿಗೆ "ಪರಿಶೀಲಿಸಲಾಗುವುದು".

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಈ ಕೊನೆಯ ಪದದ ಅರ್ಥ ಹೇಳಬೇಕಾಗಿಲ್ಲ. ನಿಮ್ಮ ಕಾಲಕ್ಕೂ ಅದು ಬದಲಾಗಿರಲಾರದು.

ಮೇ ಕೊನೆಯಲ್ಲಿ ವೆಂಕಟಲಕ್ಷ್ಮಿ ಅಪ್ಪನನ್ನು ಕರೆದುಕೊಂಡು ಕೋಲಾರದ ಕಚೇರಿಗೆ ಬಂದಳು. ಚಿಕ್ಕ ರೈಲಿನಲ್ಲಿ ಬಂದಿದ್ದರು ಎಂದು ನೆನಪು. ಅಪ್ಪ ಕುಳ್ಳಗಿನ ಮನುಷ್ಯ, ಹೆಗಲ ಮೇಲೆ ಟವಲ್ಲು, ಕನ್ನಡ ಬರುತ್ತಿರಲಿಲ್ಲ. ಇಬ್ಬರೂ ನನ್ನ ಮೇಜಿನ ಎದುರಿನ ಬೆಂಚಿನ ಮೇಲೆ ಕೂತರು. ಹಾಸ್ಟೆಲ್ ಏನಾಯಿತು ಎಂದಳು. ಪರಿಶೀಲನೆಯಲ್ಲಿದೆ ಎಂದೆ. ಪರಿಶೀಲನೆ ಅಂದರೆ ಜೂನ್ ಒಳಗೆ ಆಗುತ್ತದೆಯೇ ಎಂದಳು. ಏನೋ ಸಮಾಧಾನ ಹೇಳಿದೆ. ಅಪ್ಪ ಥಟ್ಟನೆ ಎದ್ದು, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನನಗೆ ಕೈಮುಗಿದು ಹೊರಟುಬಿಟ್ಟ. ಹುಡುಗಿ ಅವನ ಹಿಂದೆ ಹೋದಳು. ಸಮಾಧಾನವಾಯಿತೆಂದು ತೋರುತ್ತದೆ, ಪಾಪ, ಎಂದುಕೊಂಡು ನಾನು ಮುಂದಿನ ಕಾಗದ ತೆಗೆದೆ.

ಜೂನ್‌ನಲ್ಲಿ ಆ ಕಟ್ಟಡದಲ್ಲಿ ಯಂತ್ರಗಳು ಕೂತವು. ಉದ್ಘಾಟನೆಗೆ ಹೋದಾಗ ವೆಂಕಟಲಕ್ಷ್ಮಿ ಸಮಿತಿಯ ಸದಸ್ಯರ ಸಾಲಿನಲ್ಲಿ ಇರಲಿಲ್ಲ. ಮದುವೆ ನಿಶ್ಚಯವಾಗಿದೆ ಎಂದರು. ವಾಪಸ್ಸು ಬರುವಾಗ ಜೀಪು ರೈಲ್ವೆ ಗೇಟಿನಲ್ಲಿ ನಿಂತಿತ್ತು. ಮುಂದೆ ಮಾವಿನ ಗಾಡಿಗಳ ಸಾಲು. ಆಗ ಚೌಡಪ್ಪ ಹೇಳಿದ.

"ಸಾರ್, ಆ ಅವಸರ ನಿಮ್ಮ ಅವಸರ ಅಲ್ಲ, ನಮ್ಮ ಅವಸರ."

"ಎರಡೆರಡು ಅವಸರ ಇದೆಯೇನಯ್ಯಾ?"

"ತೆಲುಗಲ್ಲಿ ಅವಸರಂ ಅಂದ್ರೆ ಬೇಕು ಅಂತ. ಅವಸರಂ ಲೇದು ಅಂದ್ರೆ ಬೇಕಾಗಿಲ್ಲ, ಬೇಡ. ನಮ್ ಕಡೆಯೋರು ಕನ್ನಡ ಆಡೋವಾಗ್ಲೂ ಅದು ನುಗ್ಗಿ ಬಂದ್ಬಿಡ್ತದೆ."

"ಮತ್ತೆ ನಮ್ಮ ಅವಸರಕ್ಕೆ ಏನಂತೀರಿ?"

"ತೊಂದರ ಅಂತೀವಿ."

"ತೊಂದರೆ ಅಂದ್ರೆ ಕಷ್ಟ ಅಲ್ವೇನಯ್ಯಾ?"

"ಅದು ನಿಮಗೆ ಸಾರ್" ಎಂದು ಗೇರು ಹಾಕಿದ. ಗೇಟು ತೆರೆದಿತ್ತು.

ಹೀಗೆ, ಒಂದು ಹುಡುಗಿ "ಬೇಡ" ಎಂದದ್ದು ನನ್ನ ಕೈಯಲ್ಲಿ "ಆತುರವಿಲ್ಲ" ಆಯಿತು, "ಬೇಕು" ಎಂದದ್ದು "ಆತುರ" ಆಯಿತು ಎಂಬುದು ನನ್ನ ಪ್ರಸಿದ್ಧ ಪ್ರಸಂಗ. ತರಬೇತಿಗಳಲ್ಲಿ ಹೇಳಿದ್ದೇನೆ. ಬೀಳ್ಕೊಡುಗೆಯಲ್ಲಿ ಹೇಳಿದ್ದೇನೆ. ಗಡಿನಾಡಿನ ಭಾಷೆಯ ಸೂಕ್ಷ್ಮ ಎಂದು ಕೇಳಿದವರು ತಲೆದೂಗುತ್ತಿದ್ದರು. ಅದರಲ್ಲಿ ನನ್ನ ತಪ್ಪು ಇತ್ತು, ಆದರೆ ಎಂಥ ತಪ್ಪು? ತೆಲುಗು ಬಾರದ ತಪ್ಪು. ಯಾರೂ ಬಯ್ಯಲಾರದ ತಪ್ಪು.

ಅದರಿಂದ ಒಂದು ಪದ್ಧತಿ ಹುಟ್ಟಿತು, ಅದನ್ನು ಮಾತ್ರ ನೀವು ಬಿಡಬೇಡಿ. ಮುಂದಿನ ಸಭೆಗಳಿಂದ ನಾನು ನಡಾವಳಿಯನ್ನು ಕಚೇರಿಗೆ ಬಂದು ಬರೆಯುವುದನ್ನು ನಿಲ್ಲಿಸಿದೆ. ಅಲ್ಲೇ ಬರೆದು, ಅಲ್ಲೇ ಗಟ್ಟಿಯಾಗಿ ಓದಿ, ಹೇಳಿದವರು "ಹೌದು, ಇದೇ ನಾನು ಹೇಳಿದ್ದು" ಎಂದ ಮೇಲೆ ಸಹಿ ಹಾಕಿಸುತ್ತಿದ್ದೆ. ಸಭೆ ಒಂದು ಗಂಟೆ ಉದ್ದವಾಗುತ್ತಿತ್ತು. ಸುಗಟೂರಿನ ಕಡೆಯ ಹುಡುಗರು ಹೀಗೇ ನನ್ನನ್ನು ಹಿಡಿದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತರೆ ಕಾಲೇಜಿನ ಬಸ್ಸು ತಪ್ಪುತ್ತದೆ ಎಂದು ಅವರು ಹೇಳಿದ್ದರು. ನಾನು "ಸಾರಿಗೆ ಸೌಲಭ್ಯದ ಕೊರತೆ" ಎಂದು ಬರೆದು ಓದಿದೆ.

"ಬಸ್ಸಿಗೆ ಕೊರತೆ ಇಲ್ಲ ಸಾರ್" ಎಂದ ಒಬ್ಬ. "ಬಸ್ಸು ಕಾಲು ಗಂಟೆ ಮುಂಚೆ ಹೋಗ್ಬಿಡ್ತದೆ. ಅಷ್ಟೇ ಬರೀರಿ."

ಅಷ್ಟೇ ಬರೆದೆ. ಆ ಬಸ್ಸು ಕಾಲು ಗಂಟೆ ತಡವಾಗಿ ಹೊರಡತೊಡಗಿತು. ನನ್ನ ಇಡೀ ವೃತ್ತಿಯಲ್ಲಿ ಒಂದು ಸಲಹೆ ಹೇಳಿದ ಹಾಗೆಯೇ ಬರೆಯಲ್ಪಟ್ಟು, ಬರೆದ ಹಾಗೆಯೇ ನಡೆದದ್ದನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು. ಎಂಬತ್ತರ ದಶಕದಲ್ಲಿ ಅಚ್ಚಾದ ನಮೂನೆಗಳು ಬಂದವು. ವಾಲಿಬಾಲ್, ಕೇರಂ, ರೇಡಿಯೋ, ಯಾವುದು ಬೇಕೋ ಅದರ ಮುಂದೆ ಗುರುತು ಹಾಕಿ ಎಂದು. ಓದಿ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಶ್ರೀನಿವಾಸಪುರಕ್ಕೆ ಹಾಸ್ಟೆಲ್ ಕೂಡ ಬಂತು, ಕೆಲವು ವರ್ಷಗಳ ಮೇಲೆ, ಬಾಡಿಗೆ ಮನೆಯಲ್ಲಿ.

ಆ ಹೊಸ ಹುಡುಗಿ ನಕ್ಕು ಹೋದ ವಾರವೇ ನಾನು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಹಳೆಯ ಫೈಲು ಇಲ್ಲ, ಅವಧಿ ಮುಗಿದ ಕಾಗದಗಳೊಂದಿಗೆ ಎಂದೋ ಸುಟ್ಟಿದ್ದರು. ನಂಜುಂಡಯ್ಯನವರೂ ಚೌಡಪ್ಪನೂ ತೀರಿಕೊಂಡಿದ್ದಾರೆ. ಕೇಳಲು ಉಳಿದವಳು ಒಬ್ಬಳೇ. ವಿಚಾರಿಸಿಕೊಂಡು ಹೋದೆ. ವೆಂಕಟಲಕ್ಷ್ಮಮ್ಮ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮನೆಯ ಮುಂದಿನ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಹೆಸರು ಹೇಳಿದೆ. ಸ್ವಲ್ಪ ಹೊತ್ತು ನೋಡಿದರು.

"ಎಂ.ಎ. ಸಾರಾ? ಕೂದಲೆಲ್ಲ ಎಲ್ಲಿ ಹೋಯ್ತು?"

ನೀರು ಕೊಟ್ಟರು. ನಾನು ಬಂದ ಕಾರಣ ಹೇಳಿದೆ. ಎರಡು ಅವಸರಗಳ ಕಥೆ ಪೂರ್ತಿ ಹೇಳಿದೆ. ಅಭ್ಯಾಸಬಲದಿಂದ ಚೆನ್ನಾಗಿಯೇ ಹೇಳಿರಬೇಕು. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಾನು ಅವಸರ ಅನ್ಲಿಲ್ಲ ಸಾರ್."

"ನಿಮಗೆ ನೆನಪಿರಲಿಕ್ಕಿಲ್ಲ, ಎಷ್ಟೋ ವರ್ಷ..."

"ನಮ್ಮಣ್ಣ ಮೇಷ್ಟ್ರಿದ್ದ. ಮೀಟಿಂಗಲ್ಲಿ ತೆಲುಗು ಬರಬಾರದು, ನಗ್ತಾರೆ ಅಂತ ಒಂದು ವಾರ ಬಾಯಿಪಾಠ ಮಾಡಿಸಿದ್ದ. ಹೊಲಿಗೆ ಯಂತ್ರ ಬೇಡ, ಹಾಸ್ಟೆಲ್ ಬೇಕು. ಬೇಡ, ಬೇಕು. ಎಮ್ಮೆ ಕರೆಯೋವಾಗ್ಲೂ ಅದನ್ನೇ ಹೇಳ್ಕೊತಿದ್ದೆ. ಬೇಡ ಅಂದ್ರೆ ಮೈಸೂರು ಕಡೆ ಬೇರೆ ಏನಾದ್ರೂ ಅರ್ಥ ಇದೆಯಾ?"

ನಾನು ನೀರಿನ ಲೋಟ ಕೆಳಗಿಟ್ಟೆ.

"ಅವಸರ ಇಲ್ಲ ಅಂದಿದ್ದು ನೀವು" ಎಂದರು. "ಆವತ್ತು ಆಫೀಸಲ್ಲಿ. ಜೂನ್ ಒಳಗೆ ಆಗತ್ತಾ ಅಂದೆ. ಅವಸರ ಇಲ್ಲಮ್ಮ, ನೋಡೋಣ ಅಂದ್ರಿ. ನಮ್ಮಪ್ಪನಿಗೆ ಕನ್ನಡ ಬರ್ತಿರಲಿಲ್ಲ. ನೀವು ಅಷ್ಟು ಹೊತ್ತು ಮಾತಾಡಿದ್ರಲ್ಲಿ ಅವನಿಗೆ ಗೊತ್ತಾಗಿದ್ದು ಅದೊಂದೇ ಪದ. ಎದ್ದೇಬಿಟ್ಟ. ರೈಲಲ್ಲಿ ಅಂದ: ಹಾಸ್ಟೆಲ್ ಬೇಕಾಗಿಲ್ಲ ಅಂತ ಸರ್ಕಾರದೋರೇ ಅಂದ್ಮೇಲೆ ನಾನ್ಯಾಕೆ ಕಾಯ್ಲಿ."

"ನೀವು ಅವರಿಗೆ ಅರ್ಥ ಹೇಳಬಹುದಿತ್ತಲ್ಲ? ನಿಮಗೆ ಎರಡೂ ಗೊತ್ತಿತ್ತಲ್ಲ?"

"ಹೇಳ್ದೆ. ನಿಧಾನ ಅಂತ ಅರ್ಥ ಅಪ್ಪಾ ಅಂದೆ. ಎರಡಕ್ಕೂ ಏನು ವ್ಯತ್ಯಾಸ ಅಂದ." ಸುಲಿದ ಕಾಳನ್ನು ಕೈಯಿಂದ ಒಟ್ಟುಮಾಡಿದರು. "ಯೋಚನೆ ಮಾಡಿದ್ರೆ ಅವನು ಹೇಳಿದ್ದೂ ಸರೀನೇ."

ಅವರ ನೆನಪೂ ನಲವತ್ತು ವರ್ಷ ಹಳೆಯದು, ಅದನ್ನೇಕೆ ನಂಬಬೇಕು ಎಂದು ನನ್ನ ಹಳೆಯ ಬುದ್ಧಿ ಕೇಳುತ್ತದೆ. ನಂಬಲು ಕಾರಣವಿದೆ. ಚೌಡಪ್ಪ ಆ ದಿನ ಕಚೇರಿಯ ಬಾಗಿಲ ಬಳಿಯೇ ನಿಂತಿದ್ದ. ರೈಲ್ವೆ ಗೇಟಿನಲ್ಲಿ ಅವನು ನನಗೆ ಅರ್ಥ ಮಾಡಿಸಲು ನೋಡಿದ್ದು ಅವಳ ಮಾತನ್ನಲ್ಲ, ನನ್ನ ಮಾತನ್ನು. ಅಪ್ಪ ಯಾಕೆ ಎದ್ದು ಹೋದ ಎಂಬುದನ್ನು. ಅಧಿಕಾರಿಗೆ ನೇರವಾಗಿ ಹೇಳಲಾರದೆ "ಆ ಅವಸರ" ಎಂದ. ನಾನು ಆ ಪದವನ್ನು ಎತ್ತಿಕೊಂಡು ಅವಳ ಬಾಯಲ್ಲಿ ಇಟ್ಟೆ. ಯಾವಾಗ ಇಟ್ಟೆನೋ ತಿಳಿಯದು. ಮೊದಲ ಸಲ ಹೇಳುವಾಗಲೇ ಇರಬಹುದು, ಹತ್ತನೆಯ ಸಲ ಇರಬಹುದು.

ಹಾಗಿದ್ದರೆ ನಡಾವಳಿಯ "ಅವಸರವಿಲ್ಲ" ಎಲ್ಲಿಂದ ಬಂತು? ಅವಳು ಕನ್ನಡದಲ್ಲಿ ಬೇಡ ಎಂದಿದ್ದರೆ ನಾನು ಕೇಳಿಸಿಕೊಂಡಿರಲೇಬೇಕು. ಬೇಡ ಎಂದು ಬರೆದರೆ ನಂಜುಂಡಯ್ಯನವರ ಬೆರಳು ಅಲ್ಲಿ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಎರಡೂ ಕಡೆಗೆ ಸಲ್ಲುವ ಒಂದು ಮೆತ್ತನೆಯ ಪದ ಹುಡುಕಿದೆ ಎಂದು ತೋರುತ್ತದೆ. ಇದರಿಂದ ಏನೂ ಆಗುವುದಿಲ್ಲ, ಸಮಿತಿಯೇ ಒಂದು ನಾಟಕ ಎಂದು ನಂಬಿದವನಿಗೆ ಪದ ಹೇಗಿದ್ದರೇನು? ಆದರೆ ಆ ಹುಡುಗಿ ಅದನ್ನು ನಾಟಕ ಎಂದುಕೊಂಡಿರಲಿಲ್ಲ. ಅವಳ ಅಪ್ಪನೂ ಅಂದುಕೊಂಡಿರಲಿಲ್ಲ. ನೀವು ಈ ಕೆಲಸಕ್ಕೆ ಬಂದಿದ್ದೀರಿ. ಯುವಕರ ಮಾತನ್ನು ಸರ್ಕಾರ ಕೇಳುತ್ತದೆ ಎಂದು ನಂಬಬೇಕಾಗಿಲ್ಲ, ನಂಬಿಕೆ ಹೇಳಿ ಬರಿಸುವಂಥದ್ದಲ್ಲ. ಆದರೆ ನಂಬದವನು ಇನ್ನೂ ಎಚ್ಚರದಿಂದ ಬರೆಯಬೇಕು. ನಾನು ಅದನ್ನು ಮಾಡಲಿಲ್ಲ.

ಇಷ್ಟನ್ನೆಲ್ಲ ಅಲ್ಲೇ ಯೋಚಿಸಲಿಲ್ಲ, ಬಸ್ಸಿನಲ್ಲಿ ಯೋಚಿಸಿದೆ. ಜಗುಲಿಯ ಮೇಲೆ ನಾನು ಮಾಡಿದ್ದು ಬೇರೆ. ಕ್ಷಮೆ ಕೇಳಲು ಬಾಯಿ ತೆರೆದೆ.

"ಅದೆಲ್ಲ ಬೇಡ ಸಾರ್" ಎಂದರು. ಆಮೇಲೆ, ಆ ಪದ ತಮ್ಮ ಬಾಯಿಂದಲೇ ಬಂದದ್ದಕ್ಕೆ ಸ್ವಲ್ಪ ನಕ್ಕರು. "ಅದನ್ನ ಎಲ್ಲಾ ಕಡೆ ಹೇಳ್ಕೊಂಡು ಬಂದಿದೀನಿ ಅಂದ್ರಲ್ಲ. ಇನ್ನು ಮೇಲೆ ಸರಿಯಾಗಿ ಹೇಳಿ. ನಾನು ಏನಂದೆ ಅಂತ ಒಂದು ಕಡೆ ಬರೆದಿಟ್ಕೊಳ್ಳಿ, ಮರೆತುಹೋಗತ್ತೆ ನಿಮಗೆ."

ಕೈಚೀಲದಲ್ಲಿ ಬಸ್ ಟಿಕೆಟ್ಟಿನ ಜೊತೆ ಒಂದು ಮಡಿಸಿದ ಹಾಳೆಯಿತ್ತು. ತೊಡೆಯ ಮೇಲಿಟ್ಟು ಬರೆದೆ. ಪದ್ಧತಿಯಂತೆ ಗಟ್ಟಿಯಾಗಿ ಓದಿದೆ: "ತಾಲ್ಲೂಕು ಬೋರ್ಡಿನ ಹಿಂದಿನ ಕಟ್ಟಡದಲ್ಲಿ ಹೊಲಿಗೆ ಕೇಂದ್ರ ಬೇಡ, ಹೆಣ್ಣುಮಕ್ಕಳ ಹಾಸ್ಟೆಲ್ ಬೇಕು ಎಂದು ಸದಸ್ಯೆ ವೆಂಕಟಲಕ್ಷ್ಮಿ ಹೇಳಿದರು."

ಅವರು ಕಾಳು ಸುಲಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಜೂನ್ ಒಳಗೆ ಅನ್ನೋದು ಬಿಟ್ರಿ" ಎಂದರು.